ಯೊಸಕೊಯಿ: ಹಾಡನ್ನು ಬದಲಿಸಿ, ನರುಕೊವನ್ನು ಬಿಡಬೇಡಿ

ನಿಮ್ಮ ಕಚೇರಿಯ ಇಪ್ಪತ್ತು ಮಂದಿ ಸೇರಿ ವಾರ್ಷಿಕೋತ್ಸವದ ವೇದಿಕೆಯಲ್ಲಿ ಜಪಾನಿನ ಗುಂಪು ಕುಣಿತವಾದ ಯೊಸಕೊಯಿ ಕುಣಿಯಲು ಹೊರಟಿದ್ದೀರಿ. ಹಾಡನ್ನು ನಮಗೆ ಬೇಕಾದಂತೆ ಬದಲಿಸಬಹುದೇ, ಕೈಯಲ್ಲಿ ಹಿಡಿದು ಝಾಡಿಸಿ ಸದ್ದು ಮಾಡುವ ಮರದ ವಾದ್ಯವಾದ ನರುಕೊ ಇಲ್ಲದೆ ನಡೆಯುತ್ತದೆಯೇ ಎಂದು ಕೇಳಿದ್ದೀರಿ. ಜಪಾನಿನ ಉತ್ತರದ ದ್ವೀಪವಾದ ಹೊಕ್ಕೈಡೊದಲ್ಲಿ ಓದುವಾಗ ಎರಡು ವರ್ಷ ವಿದ್ಯಾರ್ಥಿ ತಂಡವೊಂದರಲ್ಲಿ ಕುಣಿದಿದ್ದೇನೆ. ಆ ಅನುಭವದಿಂದ ಹೇಳುವುದಾದರೆ, ಹಾಡನ್ನು ಧಾರಾಳವಾಗಿ ಬದಲಿಸಿ, ನರುಕೊವನ್ನು ಮಾತ್ರ ಬಿಡಬೇಡಿ.

ಈ ಕುಣಿತ ಬಹಳ ಹಳೆಯದೇನೂ ಅಲ್ಲ. ಯುದ್ಧಾನಂತರದ ದಿನಗಳಲ್ಲಿ ಊರಿನ ವ್ಯಾಪಾರಕ್ಕೂ ಜನರಿಗೂ ಚೈತನ್ಯ ತುಂಬಲೆಂದು ಶಿಕೊಕು ದ್ವೀಪದ ಕೋಚಿ ನಗರದ ವಾಣಿಜ್ಯ ಮಂಡಳಿಯವರು 1954ರಲ್ಲಿ ಇದನ್ನು ಹಬ್ಬವಾಗಿ ಆರಂಭಿಸಿದರು. ಅದಕ್ಕೆ ಹಾಡು ಕಟ್ಟಿಕೊಟ್ಟ ತಾಕೆಮಾಸಾ ಎಯ್ಸಾಕು ಅವರು, ನೆರೆಯ ತೊಕುಶಿಮಾದ ಅವಾ ಒಡೊರಿ ಎಂಬ ಕುಣಿತವನ್ನು ಬರಿಗೈಯಲ್ಲಿ ಕುಣಿಯುವುದರಿಂದ ನಮ್ಮವರ ಕೈಯಲ್ಲಿ ಏನಾದರೂ ಇರಲಿ ಎಂದು ನರುಕೊವನ್ನು ಆರಿಸಿದರು. ನರುಕೊ ಎಂದರೆ ಭತ್ತದ ಗದ್ದೆಯಲ್ಲಿ ಹಗ್ಗಕ್ಕೆ ಕಟ್ಟಿ, ದೂರದಿಂದ ಎಳೆದು ಸದ್ದು ಮಾಡಿ ಹಕ್ಕಿ ಓಡಿಸುತ್ತಿದ್ದ ಹಲಗೆ. ನಮ್ಮಲ್ಲಿ ಅಟ್ಟಣಿಗೆಯ ಮೇಲೆ ಕುಳಿತು ಡಬ್ಬ ಬಡಿದು ಗಿಳಿ ಓಡಿಸುತ್ತಿದ್ದ ಕೆಲಸವನ್ನೇ ಅದು ಅಲ್ಲಿ ಮಾಡುತ್ತಿತ್ತು. ವರ್ಷಕ್ಕೆ ಎರಡು ಬೆಳೆ ಭತ್ತ ಬೆಳೆಯುತ್ತಿದ್ದ ಸೀಮೆಗೆ ಅದಕ್ಕಿಂತ ಒಪ್ಪುವ ವಾದ್ಯ ಇರಲಾರದು.

ಹಾಡಿನ ಕರ್ತೃವೇ ಬದಲಾವಣೆಗೆ ಅಡ್ಡಿಪಡಿಸಲಿಲ್ಲವಾದ್ದರಿಂದ ಸಾಂಬಾ, ರಾಕ್ ಎಲ್ಲವೂ ಅದರೊಳಗೆ ಬಂದವು. ಇಂದಿಗೂ ಕೋಚಿಯಲ್ಲಿ ಆಗ್ರಹಿಸುವುದು ಮುಖ್ಯವಾಗಿ ಎರಡನ್ನು: ಕೈಯಲ್ಲಿ ನರುಕೊ ಇರಬೇಕು, ಸಂಗೀತದಲ್ಲಿ ಎಲ್ಲಾದರೂ ಮೂಲ ಹಾಡಿನ ಧಾಟಿ ಕೇಳಿಸಬೇಕು. 1992ರಲ್ಲಿ ಹೊಕ್ಕೈಡೊ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬರು ಅಲ್ಲಿನ ಸಪ್ಪೊರೊ ನಗರದಲ್ಲಿ ಇಂಥದೇ ಹಬ್ಬ ಆರಂಭಿಸಿದಾಗಲೂ ನರುಕೊ ಉಳಿಯಿತು. ಧಾಟಿಯ ಜಾಗಕ್ಕೆ ಹೆರಿಂಗ್ ಮೀನುಗಾರರ ದುಡಿಮೆಯ ಹಾಡಾದ ಸೋರಾನ್ ಬುಶಿ ಬಂದಿತು. ಇದು ಜನಪದ ಹಾಡಾದ್ದರಿಂದ ನಿಮ್ಮ ತಂಡಕ್ಕೆ ಇದನ್ನೇ ಸೂಚಿಸುತ್ತೇನೆ. ಧಾಟಿಯನ್ನು ಉಳಿಸಿಕೊಂಡು ತಾಳವಾದ್ಯ ನಿಮ್ಮದೇ ಸೇರಿಸಿಕೊಳ್ಳಿ, ಆದರೆ ಬೇರೆ ತಂಡದ ಧ್ವನಿಮುದ್ರಣವನ್ನು ಅನುಮತಿಯಿಲ್ಲದೆ ಬಳಸಬೇಡಿ.

ಇನ್ನು ನರುಕೊ ನುಡಿಸುವ ಬಗೆ. ಹಿಡಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದರೆ ಸದ್ದು ಸತ್ತುಹೋಗುತ್ತದೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿಯ ಬುಡವನ್ನು ಹಿಡಿದು, ಉಳಿದ ಬೆರಳುಗಳನ್ನು ಸಡಿಲವಾಗಿಟ್ಟು, ಮಣಿಕಟ್ಟನ್ನು ಥಟ್ಟನೆ ಝಾಡಿಸಿ ಅಲ್ಲಿಯೇ ನಿಲ್ಲಿಸಬೇಕು. ಕೋಲಾಟ ಬಲ್ಲವರು ಇಲ್ಲಿ ಎಚ್ಚರ ವಹಿಸಬೇಕು, ಏಕೆಂದರೆ ಕೋಲು ಎದುರಿನವರ ಕೋಲಿಗೆ ತಾಗಿ ನಿಲ್ಲುತ್ತದೆ. ನರುಕೊವನ್ನು ನಿಲ್ಲಿಸಲು ನಿಮ್ಮ ಮಣಿಕಟ್ಟಿನ ಹೊರತು ಬೇರೇನೂ ಇಲ್ಲ. ಅದಕ್ಕಿಂತ ಕಷ್ಟದ್ದು ಸದ್ದಿಲ್ಲದೆ ಕೈ ಆಡಿಸುವುದು. ಇಪ್ಪತ್ತು ಜನರ ನಲವತ್ತು ನರುಕೊಗಳು ಒಂದೇ ಪೆಟ್ಟಿಗೆ ನುಡಿದು ಒಂದೇ ಕ್ಷಣದಲ್ಲಿ ಮೌನವಾದಾಗ ಮೈ ಜುಮ್ಮೆನ್ನುತ್ತದೆ. ಒಬ್ಬರ ಕೈ ತಡವರಿಸಿದರೂ ಕೊನೆಯ ಸಾಲಿನವರೆಗೆ ಗೊತ್ತಾಗುತ್ತದೆ.

ಸೋರಾನ್ ಬುಶಿಯಲ್ಲಿ ಬಲೆ ಎಳೆಯುವ ಭಂಗಿಗಾಗಿ ಬಹಳ ಕೆಳಗೆ ಕುಸಿಯಬೇಕಾಗುತ್ತದೆ. ಮೊಣಕಾಲು ಪಾದದ ಬೆರಳುಗಳ ದಿಕ್ಕಿನಲ್ಲಿಯೇ ಇರಲಿ, ಸಿಮೆಂಟು ನೆಲದ ಮೇಲೆ ಬರಿಗಾಲಲ್ಲಿ ಅಭ್ಯಾಸ ಬೇಡ. ಉಡುಪಿನ ಚಿಂತೆಯನ್ನು ಕೊನೆಗೆ ಇಟ್ಟುಕೊಳ್ಳಿ. ಹಪ್ಪಿ ಎಂಬ ಸಡಿಲ ಜಪಾನಿ ಮೇಲಂಗಿ ಎಲ್ಲರಿಗೂ ಒಂದೇ ಬಣ್ಣದ್ದಾದರೆ ಸಾಕು.

ಮೊದಲ ಎರಡು ವಾರ ಸಂಗೀತ ಹಾಕಲೇಬೇಡಿ. ವೃತ್ತಾಕಾರವಾಗಿ ನಿಂತು, ಒಬ್ಬರು ಎಣಿಕೆ ಹೇಳುತ್ತಿರಲು, ನಾಲ್ಕು ಪೆಟ್ಟು ನುಡಿಸಿ ನಾಲ್ಕು ಪೆಟ್ಟು ಮೌನವಾಗಿ ಕೈ ಆಡಿಸುವುದನ್ನು ಮಾತ್ರ ಮಾಡಿ. ಆ ಮೌನ ಕೂಡಿಬಂದ ದಿನ ಹಾಡು ಹಾಕಿ.