ಟರ್ನರ್ ಟ್ರೇಡ್‌ನವರಿಗೆ ಕ್ಲಾಸಿನಲ್ಲಿ ಕಂಪ್ಯೂಟರ್, ಸಿಮ್ಯುಲೇಟರ್ ಎಲ್ಲ ಬೇಕಾ?

ಐಟಿಐನಲ್ಲಿ ಸ್ಮಾರ್ಟ್ ಬೋರ್ಡು, ಸಿಮ್ಯುಲೇಟರ್ (ಮಷಿನ್ ಕೆಲಸವನ್ನು ಕಂಪ್ಯೂಟರಿನಲ್ಲೇ ಓಡಿಸಿ ನೋಡುವುದು) ಅಂತ ಟೈಮ್ ಹಾಳಾಗುತ್ತಿದೆ, ಆ ಪೀರಿಯಡ್ ಬಿಟ್ಟು ಲೇತ್ (ಕಬ್ಬಿಣದ ರಾಡು ತಿರುಗಿಸಿ ಕೊರೆಯುವ ಮಷಿನ್) ಹತ್ತಿರವೇ ಇರಲಾ ಅಂತ ಕೇಳಿದ್ದೀರಿ. ನಾನೂ ದಾವಣಗೆರೆಯಲ್ಲೇ ಟರ್ನರ್ ಮಾಡಿದವನು. ಆ ಪೀರಿಯಡ್‌ಗಳನ್ನು ನಾನು ಬಿಟ್ಟೆ.

ನಮ್ಮ ವರ್ಕ್‌ಶಾಪಿನಲ್ಲಿ ಹಳೇ ಕಿರ್ಲೋಸ್ಕರ್ ಲೇತ್ ಇತ್ತು, ಪಕ್ಕದ ಹರಿಹರದಲ್ಲೇ ತಯಾರಾಗಿದ್ದು. ಅದರ ಮುಂದೆ ನಿಂತರೆ ನನಗೆ ಊಟ ನೆನಪಾಗುತ್ತಿರಲಿಲ್ಲ. ಮೈಕ್ರೋಮೀಟರ್‌ನಲ್ಲಿ 0.01 ಎಂಎಂ ತನಕ ಸೈಜ್ ಹಿಡಿಯುತ್ತಿದ್ದೆ. ಸಿಎನ್‌ಸಿ, ಅಂದರೆ ಕಂಪ್ಯೂಟರ್ ಪ್ರೋಗ್ರಾಂನಿಂದ ಓಡುವ ಮಷಿನ್, ಅದರ ಕ್ಲಾಸ್ ಅಂದರೆ ಮಾತ್ರ ಹಿಂದಿನ ಬೆಂಚು, ಕೈಯಲ್ಲಿ ಮೊಬೈಲು. ಅರ್ಧ ಬ್ಯಾಚ್ ಹಾಗೇ ಇತ್ತು. ಕಬ್ಬಿಣ ಮುಟ್ಟಿದರೆ ಕೆಲಸ, ಸ್ಕ್ರೀನ್ ನೋಡಿದರೆ ಟೈಮ್‌ಪಾಸ್ ಅಂತ ನಂಬಿದ್ದೆವು.

ಆಮೇಲೆ ಒಂದು ಜಾಬ್ ವರ್ಕ್ ಯೂನಿಟ್‌ಗೆ ಸೇರಿದೆ. ಮೂರನೇ ವಾರ ಸೂಪರ್‌ವೈಸರ್ ಸಿಎನ್‌ಸಿ ಲೇತಿನ ಒಂದು ಸಣ್ಣ ಪ್ರೋಗ್ರಾಂ ತಿದ್ದಲು ಹೇಳಿದರು. 40 ಎಂಎಂ ರಾಡು. ಟರ್ನಿಂಗ್ ಮುಗಿದ ಮೇಲೆ ಟೂಲ್ 50 ಎಂಎಂ ಡಯಾಕ್ಕೆ (ವ್ಯಾಸಕ್ಕೆ, ಪ್ರೋಗ್ರಾಂನಲ್ಲಿ ಅದೇ ಎಕ್ಸ್) ಹೊರಗೆ ಬರಬೇಕು, ಅಷ್ಟೇ. ನಾನು 'ಜಿ00 ಎಕ್ಸ್50' ಅಂತ ಹೊಡೆದೆ. 'ಎಕ್ಸ್50.' ಅಂತ ಕೊನೆಗೆ ಚುಕ್ಕೆ ಇಡಬೇಕಿತ್ತು. ಆ ಮಷಿನ್‌ನಲ್ಲಿದ್ದದ್ದು ಫ್ಯಾನುಕ್ ಕಂಪನಿಯ ಕಂಟ್ರೋಲ್, ಅಂದರೆ ಪ್ರೋಗ್ರಾಂ ಓದಿ ಮಷಿನ್ ಓಡಿಸುವ ಕಂಪ್ಯೂಟರ್. ಅದರ ಸೆಟ್ಟಿಂಗ್ ಪ್ರಕಾರ ಚುಕ್ಕೆ ಇಲ್ಲದ 50 ಅಂದರೆ 50 ಮೈಕ್ರಾನ್, ಅಂದರೆ 0.05 ಎಂಎಂ. ಹೊರಗೆ ಬರಬೇಕಾದ ಟೂಲ್ ಸೀದಾ ಸೆಂಟರ್ ಕಡೆ ಹೊರಟಿತು. ಅದೂ ಜಿ00, ಅಂದರೆ ಫುಲ್ ಸ್ಪೀಡ್. ರಾಡು ಹಿಡಿದ ಚಕ್ ತಿರುಗುತ್ತಲೇ ಇತ್ತು. ಢಮ್ ಅಂದಿದ್ದಷ್ಟೇ ಗೊತ್ತು. ಟೂಲ್ ತುದಿಯ ಇನ್ಸರ್ಟ್ ಪುಡಿ, ಅದನ್ನು ಹಿಡಿಯುವ ಹೋಲ್ಡರ್ ಬಾಗಿತ್ತು, ಟೂಲ್‌ಗಳನ್ನು ಹೊರುವ ಟರೆಟ್‌ನ ಅಲೈನ್‌ಮೆಂಟ್ ಹೋಗಿತ್ತು. ನಾಲ್ಕು ದಿನ ಮಷಿನ್ ನಿಂತಿತು. ಆ ತಿಂಗಳ ಸಂಬಳ ಕೊಡಲಿಲ್ಲ, ನಾಳೆಯಿಂದ ಬರಬೇಡ ಅಂದರು.

ಸಿಂಗಲ್ ಬ್ಲಾಕ್ ಹಾಕಿ ಒಂದೊಂದೇ ಸಾಲು ಓಡಿಸಿದ್ದರೆ, ರ‍್ಯಾಪಿಡ್ (ಜಿ00ದ ಸ್ಪೀಡ್) ಕಮ್ಮಿ ಇಟ್ಟಿದ್ದರೆ ಬಚಾವಾಗುತ್ತಿದ್ದೆ. ಸ್ಕ್ರೀನ್ ಮೇಲೆ ಗ್ರಾಫಿಕ್ ನೋಡಿದ್ದರೆ ಟೂಲ್‌ನ ಗೆರೆ ರಾಡಿನೊಳಗೆ ನುಗ್ಗೋದು ಮೊದಲೇ ಕಾಣುತ್ತಿತ್ತು. ಇದನ್ನೆಲ್ಲ ನಾನು ಮೊಬೈಲ್ ಹಿಡಿದು ಕೂತಿದ್ದ ಕ್ಲಾಸಿನಲ್ಲೇ ಹೇಳಿಕೊಟ್ಟಿದ್ದರು. ಆಮೇಲೆ ಗೆಳೆಯನ ನೋಟ್‌ಬುಕ್ ತೆಗೆದು ನೋಡಿದೆ. 'ಚುಕ್ಕೆ ಮರೆಯಬಾರದು' ಅಂತ ಬರೆದು ಕೆಂಪು ಪೆನ್ನಿನಲ್ಲಿ ಎರಡು ಸಲ ಸುತ್ತು ಹಾಕಿದ್ದ. ಅದನ್ನು ನೋಡಿ ಅವತ್ತು ಅತ್ತುಬಿಟ್ಟೆ.

ಹಾಗಾಗಿ ಕೈ ಕೆಲಸನಾ, ಕಂಪ್ಯೂಟರಾ ಅನ್ನೋ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಲೇತ್ ಮೇಲೆ ಕಿವಿಗೆ ಸಿಕ್ಕ ಸದ್ದು, ಕೈಗೆ ಸಿಕ್ಕ ಅಂದಾಜು ಸಿಎನ್‌ಸಿಯಲ್ಲೂ ಬೇಕು, ಫೀಡ್ (ಟೂಲ್ ಮುಂದೆ ಸರಿಯುವ ವೇಗ) ಜಾಸ್ತಿ ಆಯ್ತು ಅಂತ ಅದೇ ಹೇಳೋದು. ಆದರೆ ಟೂಲ್ ಗುದ್ದಿಸಿಯೂ ಒಂದು ರೂಪಾಯಿ ಕಳೆದುಕೊಳ್ಳದ ಜಾಗ ಸಿಮ್ಯುಲೇಟರ್ ಒಂದೇ. 2022ರಲ್ಲಿ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ಹೊಸ ಮಷಿನ್ ತಂದಿದ್ದಾರೆ. ಅವು ನಿಮ್ಮ ಕಾಲೇಜಿಗೂ ಬಂದಿದ್ದರೆ ಬಿಡಲೇಬೇಡಿ.

ಒಂದು ಮಾತು ಮಾತ್ರ ನಿಮ್ಮದು ಸರಿ. ಒಬ್ಬ ಕೀಬೋರ್ಡ್ ಒತ್ತಿ ಹತ್ತು ಜನ ಸುಮ್ನೆ ನಿಂತು ನೋಡಿದರೆ ಅದು ಕಲಿಕೆ ಅಲ್ಲ. ಅದಕ್ಕೆ ಕ್ಲಾಸ್ ಬಿಡೋದಲ್ಲ, ನಿಮ್ಮ ಜೆಟಿಒ (ಪಾಠ ಹೇಳುವ ಕಿರಿಯ ತರಬೇತಿ ಅಧಿಕಾರಿ) ಹತ್ತಿರ ಹೋಗಿ ನನ್ನ ಸರದಿ ಯಾವಾಗ ಸರ್ ಅಂತ ದಿನಾ ಕೇಳಿ.

ಮೊದಲು ಆ ಸಿಮ್ಯುಲೇಟರ್‌ನ ಕಂಟ್ರೋಲ್ ಯಾವುದು ಅಂತ ತಿಳಿದುಕೊಳ್ಳಿ. ಸೀಮೆನ್ಸ್ ಆದರೆ ಎಕ್ಸ್50 ಅಂದರೂ 50 ಎಂಎಂ ಅಂತಲೇ ಓದುತ್ತದೆ. ಫ್ಯಾನುಕ್ ಆದರೆ, ಚುಕ್ಕೆ ಇಲ್ಲದೆ ಬೇಕಂತಲೇ ಒಂದು ಸಲ ಹೊಡೆದು ಟೂಲ್ ಎಲ್ಲಿಗೆ ಹೋಗುತ್ತದೆ ಅಂತ ನೋಡಿ.