ಡಾಕ್ಟರ್ ಓದಿ ಮಂಗಾ ಬರೆದವರು

ಪ್ರಶ್ನೆ: ನಾನು ಮೆಡಿಕಲ್ ವಿದ್ಯಾರ್ಥಿ, ಆದರೆ ಮನಸ್ಸೆಲ್ಲ ಕಾಮಿಕ್ಸ್ ಬರೆಯೋದರಲ್ಲೇ ಇದೆ. ಮಂಗಾ, ಅಂದರೆ ಜಪಾನಿ ಕಾಮಿಕ್ಸ್, ಬರೆದ ಒಸಾಮು ತೆಜುಕಾ ಕೂಡ ಡಾಕ್ಟರ್ ಓದಿದ್ದರಂತೆ, ನಿಜಾನಾ? ಅವರ ಮೇಲೆ ಯಾರ ಪ್ರಭಾವವಿತ್ತು?
– ಒಬ್ಬ ಓದುಗ, ದಾವಣಗೆರೆ

ಉತ್ತರ: ನಿಜ. 1928ರಲ್ಲಿ ಹುಟ್ಟಿದ ತೆಜುಕಾ ಒಸಾಕಾದಲ್ಲಿ ವೈದ್ಯಕೀಯ ಓದುತ್ತಲೇ ಮಂಗಾ ಬರೆದರು. ಮನೆಯಲ್ಲಿ ಅಪ್ಪ ಪ್ರೊಜೆಕ್ಟರ್ ಹಾಕಿ ಡಿಸ್ನಿ ಕಾರ್ಟೂನ್ ತೋರಿಸುತ್ತಿದ್ದರು, ಅಮ್ಮ ತಕರಾಜುಕಾ ಎಂಬ ನಾಟಕ ತಂಡದ, ಹೆಣ್ಣುಮಕ್ಕಳೇ ಗಂಡು ವೇಷ ಹಾಕುವ ನಾಟಕಗಳಿಗೆ ಕರೆದೊಯ್ಯುತ್ತಿದ್ದರು, ಇವೆರಡೂ ಸೇರಿಯೇ ಅವರ ಪಾತ್ರಗಳಿಗೆ ಆ ದೊಡ್ಡ ಕಣ್ಣುಗಳು ಬಂದವು. ನಮ್ಮ ದಾವಣಗೆರೆಯಲ್ಲಿ ವೃತ್ತಿ ಕಂಪನಿ ನಾಟಕ ನೋಡಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ, ಅಲ್ವಾ? 1952ರಲ್ಲಿ ಆಟಂ ಎಂಬ ರೋಬೋ ಹುಡುಗನ ಕಥೆ ಶುರುವಾಯಿತು. ನೀವು ಮೊದಲು ಓದಬೇಕಾದದ್ದು 1973ರ ‘ಬ್ಲ್ಯಾಕ್ ಜ್ಯಾಕ್’. ಲೈಸೆನ್ಸ್ ಇಲ್ಲದ ಸರ್ಜನ್ ಕಥೆ ಅದು. ಕಾಲೇಜಿನಲ್ಲಿ ಕಲಿತದ್ದು ಸುಮ್ನೆ ಹೋಗಲಿಲ್ಲ, ಅಲ್ಲಿ ಪುಟಪುಟದಲ್ಲೂ ಕಾಣುತ್ತದೆ.