ಸ್ಲೊವೇನಿಯಾದಲ್ಲಿ ಗದ್ದಲವಿಲ್ಲದ ಗುಡ್ಡದ ಹಳ್ಳಿ ಬೇಕಾ? ಶ್ಟಾನ್ಯೆಲ್‌ಗೆ ಹೋಗಿ

ನಿಮ್ಮ ಪ್ರಶ್ನೆ ಓದಿದ ಕೂಡಲೇ ನನಗೆ ಒಂದೇ ಹೆಸರು ನೆನಪಾಯಿತು. ಜೂನ್‌ನಲ್ಲಿ ಅಪ್ಪ ಅಮ್ಮನ ಜೊತೆ ಸ್ಲೊವೇನಿಯಾಕ್ಕೆ ಹೋಗುತ್ತಿದ್ದೀರಿ. ಬ್ಲೆಡ್ ಸರೋವರ ನೋಡಿದ ಮೇಲೆ ಒಂದೆರಡು ದಿನ ಉಳಿಯುತ್ತದೆ, ಕಾರು ಇಲ್ಲ, ಎಲ್ಲರೂ ಸಸ್ಯಾಹಾರಿಗಳು, ಜನಜಂಗುಳಿ ಇಲ್ಲದ ಗುಡ್ಡದ ಮೇಲಿನ ಹಳ್ಳಿ ಯಾವುದಾದರೂ ಇದೆಯಾ ಅಂತ ಕೇಳಿದ್ದೀರಿ. ಶ್ಟಾನ್ಯೆಲ್‌ಗೆ ಹೋಗಿ. ಇಟಲಿಯ ಗಡಿಗೆ ಹತ್ತಿರ, ಕ್ರಾಸ್ ಅನ್ನುವ ಸೀಮೆಯಲ್ಲಿದೆ. ಕೆಲವೇ ನೂರು ಜನರ ಊರು.

ನನ್ನ ಗಂಡನ ಕೆಲಸದ ಕಾರಣಕ್ಕೆ ನಾವು ಎರಡು ವರ್ಷ ಇಟಲಿಯ ಟ್ರಿಯೆಸ್ಟ್‌ನಲ್ಲಿದ್ದೆವು. ಅಬ್ದುಸ್ ಸಲಾಂ ಅವರು 1964ರಲ್ಲಿ ಕಟ್ಟಿದ ಸೈದ್ಧಾಂತಿಕ ಭೌತಶಾಸ್ತ್ರ ಕೇಂದ್ರ ಆ ಊರಿನಲ್ಲೇ ಇರುವುದು. ನಮ್ಮ ಕಡೆಯವರು ಬಹಳ ಜನ ಅಲ್ಲಿಗೆ ಬಂದು ಹೋಗುತ್ತಾರೆ. ಅಲ್ಲಿಂದ ಗಡಿ ದಾಟಿದರೆ ಕ್ರಾಸ್. ಶ್ಟಾನ್ಯೆಲ್‌ಗೆ ನಾನು ನಾಲ್ಕು ಸಲ ಹೋಗಿದ್ದೇನೆ. ಅದರಲ್ಲಿ ಒಂದು ಸಲ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ.

ಶಾಲೆಯ ಭೂಗೋಳ ಪುಸ್ತಕದಲ್ಲಿ 'ಕಾರ್ಸ್ಟ್' ಅಂತ ಓದಿರುತ್ತೀರಿ, ಅಲ್ವಾ? ಸುಣ್ಣದ ಕಲ್ಲಿನ ನೆಲ, ನೀರು ಕೊರೆದ ಗುಹೆಗಳು, ನೆಲದಡಿ ಹರಿಯುವ ಹೊಳೆಗಳು. ಆ ಹೆಸರು ಹುಟ್ಟಿದ್ದೇ ಈ ಕ್ರಾಸ್ ಸೀಮೆಯಿಂದ. ಇಲ್ಲಿ ಮಳೆ ಚೆನ್ನಾಗಿಯೇ ಬರುತ್ತದೆ. ಆದರೆ ಬಿದ್ದ ನೀರು ಕಲ್ಲಿನ ಬಿರುಕುಗಳಲ್ಲಿ ಇಳಿದು ಹೋಗುತ್ತದೆ. ಮೇಲೆ ಒಂದು ಹಳ್ಳವೂ ನಿಲ್ಲುವುದಿಲ್ಲ. ಹತ್ತಿರದ ಶ್ಕೋತ್ಸಿಯನ್ ಗುಹೆಗಳ ಬಳಿ ರೇಕಾ ಅನ್ನುವ ಹೊಳೆ ಪೂರ್ತಿಯಾಗಿ ನೆಲದೊಳಗೆ ನುಗ್ಗಿಬಿಡುತ್ತದೆ. ಮತ್ತೆ ಅದು ಬೆಳಕು ಕಾಣುವುದು ಇಟಲಿಯ ಕಡಲ ತೀರದ ಹತ್ತಿರ, ತಿಮಾವೋ ಅನ್ನುವ ಹೆಸರಿನಲ್ಲಿ. ಮಳೆ ಇದ್ದೂ ನೀರಿಲ್ಲದ ಊರು ಅಂದರೆ ಇದು.

ಇದನ್ನು ಇಷ್ಟು ಉದ್ದಕ್ಕೆ ಹೇಳುತ್ತಿರುವುದಕ್ಕೆ ಕಾರಣ ಇದೆ. ಸುಮ್ನೆ ಕಲ್ಲಿನ ಮನೆಗಳು ಚೆಂದ ಇವೆ ಅಂತ ನೋಡಿಕೊಂಡು ಬಂದರೆ ಒಂದು ಗಂಟೆಯಲ್ಲಿ ಶ್ಟಾನ್ಯೆಲ್ ಮುಗಿದು ಹೋಗುತ್ತದೆ. ಈ ಊರಿನವರು ನೀರನ್ನು ಹೇಗೆ ಹಿಡಿದಿಟ್ಟುಕೊಂಡರು ಅಂತ ಹುಡುಕುತ್ತಾ ನಡೆಯಿರಿ. ಆಗ ಅರ್ಧ ದಿನವೂ ಸಾಲದು.

ಮೊದಲು ಸೂರು ನೋಡಿ. ಹಳೆಯ ಮನೆಗಳ ಮಾಡಿಗೆ ಹೆಂಚಿನ ಬದಲು ತೆಳುವಾದ ಕಲ್ಲುಚಪ್ಪಡಿ ಹೊದಿಸುತ್ತಿದ್ದರು. ಅದಕ್ಕೆ ಅಲ್ಲಿ 'ಸ್ಕ್ರ್ಲೆ' ಅನ್ನುತ್ತಾರೆ. ಊರಿನ ನಡುವೆ 'ಕ್ರಾಶ್ಕಾ ಹೀಶಾ', ಅಂದರೆ ಕ್ರಾಸ್ ಸೀಮೆಯ ಮನೆ ಅಂತ ಒಂದು ಹಳೆಯ ಮನೆಯನ್ನು ಹಾಗೇ ಕಾಪಾಡಿಕೊಂಡು ಬಂದಿದ್ದಾರೆ. ಅದರ ಸೂರಿನ ಅಂಚನ್ನು ತಲೆಯೆತ್ತಿ ನೋಡಿ. ನೀರಿನ ದೋಣಿ ಕೂಡ ಕಲ್ಲಿನದೇ! ಉದ್ದನೆಯ ಕಲ್ಲನ್ನು ತೋಡಿ ದೋಣಿ ಮಾಡಿ, ಗೋಡೆಯಿಂದ ಹೊರಗೆ ಚಾಚಿದ ಕಲ್ಲುಗಳ ಮೇಲೆ ಕೂರಿಸಿದ್ದಾರೆ. ಮಾಡಿನ ಮೇಲೆ ಬಿದ್ದ ಮಳೆ ದೋಣಿಗೆ, ದೋಣಿಯಿಂದ ಅಂಗಳದ ಅಡಿಯ ತೊಟ್ಟಿಗೆ. ಒಳಗೆ ಹೋಗಬೇಕಾದರೆ ಕೋಟೆಯಲ್ಲಿರುವ ಪ್ರವಾಸಿ ಮಾಹಿತಿ ಕೇಂದ್ರದಲ್ಲಿ ಮೊದಲೇ ಕೇಳಿಕೊಳ್ಳಿ.

ಆ ತೊಟ್ಟಿಯ ಬಾಯಿಗೆ ನಮ್ಮ ಬಾವಿಕಟ್ಟೆಯಂಥದ್ದೇ ಕಲ್ಲಿನ ಕಟ್ಟೆ ಇರುತ್ತದೆ. ಸ್ಥಳೀಯರು 'ಶ್ತಿರ್ನಾ' ಅನ್ನುತ್ತಾರೆ. ಅಮ್ಮ ಹುಟ್ಟಿ ಬೆಳೆದದ್ದು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಕೊಡ ನೀರಿಗೆ ಮೈಲಿ ನಡೆದವರು. ಅಷ್ಟು ಹೊತ್ತು ಅವರು ಮನೆಗಳನ್ನು ಸುಮ್ಮನೆ ನೋಡುತ್ತಾ ಬರುತ್ತಿದ್ದರು. ಒಂದು ಅಂಗಳದ ಶ್ತಿರ್ನಾ ಹತ್ತಿರ ನಿಂತುಬಿಟ್ಟರು. ಕಟ್ಟೆಯ ಒಳ ಅಂಚಿನಲ್ಲಿ ನಾಲ್ಕೈದು ಗೀರುಗಳಿದ್ದವು. ಒಂದೊಂದೂ ಬೆರಳಿನಷ್ಟು ಆಳ, ಕನ್ನಡಿಯಷ್ಟು ನುಣುಪು. ಅಮ್ಮ ತೋರುಬೆರಳನ್ನು ಒಂದು ಗೀರಿನಲ್ಲಿ ಇಟ್ಟು, "ಹಗ್ಗ ಸೇದಿ ಸೇದಿ ಸವೆದಿರೋದು ಕಣೇ. ಇಲ್ಲಿ ರಾಟೆ ಇರಲಿಲ್ಲ ಅನ್ಸುತ್ತೆ" ಅಂದರು. ಆಮೇಲೆ ಊರಿನಲ್ಲಿ ಎಷ್ಟು ಶ್ತಿರ್ನಾ ಇದೆಯೋ ಅಷ್ಟನ್ನೂ ಹುಡುಕಿಕೊಂಡು ಹೋದೆವು. ಕೆಲವಕ್ಕೆ ಕೆತ್ತನೆ ಇದೆ, ಕೆಲವು ಬೋಳು. ಗೀರು ಮಾತ್ರ ಹಳೆಯದರಲ್ಲೆಲ್ಲ ಸಿಕ್ಕಿತು.

ಇನ್ನೊಂದು ಮುಖ್ಯವಾದ ಜಾಗ ಫೆರಾರಿ ತೋಟ. ಹೆಸರು ಕೇಳಿ ಕಾರಿನ ನೆನಪು ಬರಬಹುದು. ಇದು ಟ್ರಿಯೆಸ್ಟ್‌ನ ಎನ್ರಿಕೊ ಫೆರಾರಿ ಅನ್ನುವ ವೈದ್ಯರ ತೋಟವಾಗಿತ್ತು. ಮಾಡಿಕೊಟ್ಟವರು ಮಾಕ್ಸ್ ಫಾಬಿಯಾನಿ. ಅವರ ಬಗ್ಗೆ ಸ್ವಲ್ಪ ತಿಳಿದುಕೊಂಡು ಹೋದರೆ ಊರು ಇನ್ನೂ ಹತ್ತಿರವಾಗುತ್ತದೆ. ಫಾಬಿಯಾನಿ ಹುಟ್ಟಿದ್ದು 1865ರಲ್ಲಿ, ಶ್ಟಾನ್ಯೆಲ್‌ನ ಮಗ್ಗುಲಿನ ಕೋಬ್ದಿಲ್ ಹಳ್ಳಿಯಲ್ಲಿ. ವಿಯೆನ್ನಾದಲ್ಲಿ ಓದಿ ಅಲ್ಲೇ ದೊಡ್ಡ ವಾಸ್ತುಶಿಲ್ಪಿಯಾದರು. 1895ರಲ್ಲಿ ಲ್ಯುಬ್ಲಿಯಾನಾ ನಗರ ಭೂಕಂಪಕ್ಕೆ ಸಿಕ್ಕಿ ಹಾಳಾದಾಗ ಅದನ್ನು ಮತ್ತೆ ಕಟ್ಟಲು ನಕ್ಷೆ ಹಾಕಿಕೊಟ್ಟವರಲ್ಲಿ ಅವರೊಬ್ಬರು. ಮೊದಲ ಮಹಾಯುದ್ಧದಲ್ಲಿ ಪಕ್ಕದ ಸೋಚಾ ನದಿಯ ಉದ್ದಕ್ಕೂ ಕಾಳಗ ನಡೆದು ಈ ಸೀಮೆಯ ಎಷ್ಟೋ ಹಳ್ಳಿಗಳು ನೆಲಕಚ್ಚಿದ್ದವು. ಆಗ ಅವರು ವಿಯೆನ್ನಾ ಬಿಟ್ಟು ಊರಿನ ಕಡೆ ಬಂದರು. ಹಳ್ಳಿಗಳನ್ನು ಮತ್ತೆ ಎತ್ತಿ ನಿಲ್ಲಿಸುವ ಕೆಲಸ ಹಿಡಿದರು. ಎರಡು ಯುದ್ಧಗಳ ನಡುವಿನ ವರ್ಷಗಳಲ್ಲಿ ಶ್ಟಾನ್ಯೆಲ್‌ನ ಮೇಯರ್ ಕೂಡ ಆಗಿದ್ದರು. ಅಷ್ಟು ದೊಡ್ಡ ನಗರದಲ್ಲಿ ಹೆಸರು ಮಾಡಿದವರು ಹುಟ್ಟೂರಿನ ಗೋಡೆ, ದಾರಿ, ನೀರು ನೋಡಿಕೊಳ್ಳಲು ವಾಪಸ್ ಬಂದರಲ್ಲ, ನನಗೆ ಅವರ ಮೇಲೆ ಬಹಳ ಗೌರವ. ಅವರು ತೀರಿಕೊಂಡದ್ದು 1962ರಲ್ಲಿ, 97ನೇ ವಯಸ್ಸಿನಲ್ಲಿ.

ತೋಟ ಗುಡ್ಡದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಕೆಳಗೆ ಮೊಟ್ಟೆಯಾಕಾರದ ಒಂದು ಕೊಳ, ನಡುವೆ ಪುಟ್ಟ ದ್ವೀಪ, ಅದಕ್ಕೊಂದು ಪುಟ್ಟ ಕಲ್ಲುಸೇತುವೆ. ಫೋಟೋ ತೆಗೆಯುವವರೆಲ್ಲ ಇಲ್ಲೇ ನಿಲ್ಲುತ್ತಾರೆ. ಆದರೆ ಹನಿ ನೀರಿಗೂ ಕಷ್ಟವಿದ್ದ ಗುಡ್ಡದ ಮೇಲೆ ಕೊಳ ಹೇಗೆ ಬಂತು? ಫಾಬಿಯಾನಿ ಮಳೆನೀರನ್ನೇ ಹಿಡಿದು, ತೊಟ್ಟಿಗಳಲ್ಲಿ ತುಂಬಿಸಿ, ಅಲ್ಲಿಂದ ತೋಟಕ್ಕೂ ಕೊಳಕ್ಕೂ ಹಾಯಿಸುವ ಏರ್ಪಾಡು ಮಾಡಿದ್ದರು. ಊರಿನ ಹೆಂಗಸರು ಹಗ್ಗದಲ್ಲಿ ಸೇದುತ್ತಿದ್ದ ಅದೇ ಮಳೆನೀರು. ಕೊಳದ ಹತ್ತಿರದ ಗೋಡೆಯ ಪಕ್ಕ ನಿಂತರೆ ಕೆಳಗೆ ಬ್ರಾನಿತ್ಸಾ ಕಣಿವೆ ಪೂರ್ತಿ ಹಸಿರಾಗಿ ಕಾಣುತ್ತದೆ. ಅಪ್ಪ ಅಮ್ಮನನ್ನು ಇಲ್ಲಿ ಕೂರಿಸಿ ನೀವು ಉಳಿದ ಜಾಗ ಸುತ್ತಿ ಬರಬಹುದು.

ಕೋಟೆ ಎರಡನೇ ಮಹಾಯುದ್ಧದಲ್ಲಿ ಸುಟ್ಟುಹೋಗಿತ್ತು. ಈಗ ಸ್ವಲ್ಪ ಭಾಗ ಸರಿಮಾಡಿದ್ದಾರೆ, ಲೋಯ್ಜೆ ಸ್ಪಾತ್ಸಾಲ್ ಅನ್ನುವ ಕಲಾವಿದರ ಚಿತ್ರಗಳ ಗ್ಯಾಲರಿ ಅಲ್ಲಿದೆ. ಪಕ್ಕದಲ್ಲೇ ಸಂತ ದಾನಿಯೇಲನ ಚರ್ಚು. ಊರಿಗೆ ಹೆಸರು ಬಂದದ್ದು ಆ ಸಂತನಿಂದಲೇ. ಅದರ ಗಂಟೆಗೋಪುರದ ತುದಿ ನೇರ ಮೊನೆಯಾಗಿಲ್ಲ, ನಿಂಬೆಹಣ್ಣಿನ ಹಾಗೆ ಉಬ್ಬಿದೆ. ದೂರದಿಂದಲೂ ಶ್ಟಾನ್ಯೆಲ್ ಅಂತ ಗುರುತು ಸಿಗುವುದು ಅದರಿಂದ.

ಇನ್ನು ಊಟದ ವಿಷಯ. ಅಲ್ಲಿಯ ಹೆಸರಾಂತ ತಿನಿಸು ಪ್ರ್‌ಶೂತ್. ಅದು ಗಾಳಿಯಲ್ಲಿ ಒಣಗಿಸಿದ ಹಂದಿಮಾಂಸ, ಹಾಗಾಗಿ ನಿಮಗೆ ಬೇಡ. 'ಯೋತಾ' ಅಂತ ಒಂದು ಸಾರು ಸಿಗುತ್ತದೆ. ಹುಳಿ ಬರಿಸಿದ ಎಲೆಕೋಸು, ರಾಜ್ಮಾದಂಥ ಕಾಳು, ಆಲೂಗಡ್ಡೆ ಹಾಕಿ ಮಾಡುತ್ತಾರೆ. ನಮ್ಮ ಬಾಯಿಗೆ ಬಹಳ ಒಗ್ಗುತ್ತದೆ. ಆದರೆ ಹೆಚ್ಚಿನ ಕಡೆ ಅದಕ್ಕೂ ಹೊಗೆಯಲ್ಲಿಟ್ಟ ಹಂದಿಮಾಂಸ ಸೇರಿಸುತ್ತಾರೆ. "ಬ್ರೆಜ್ ಮೇಸಾ" ಅಂದರೆ 'ಮಾಂಸವಿಲ್ಲದೆ'. ಈ ಎರಡು ಪದ ಕಲಿತುಕೊಳ್ಳಿ. ಆದರೂ ಸಾರಿನ ನೀರು ಯಾವುದು ಅಂತ ಬಿಡಿಸಿ ಕೇಳಿ. 'ಶ್ತ್ರುಕ್ಲಿ' ಇದ್ದರೆ ತಗೊಳ್ಳಿ, ಮೊಟ್ಟೆ ತಿನ್ನದವರಾದರೆ ಮೊದಲು ಕೇಳಿಕೊಳ್ಳಿ. ಹಿಟ್ಟಿನ ಸುರುಳಿಯೊಳಗೆ ಗಿಣ್ಣಿನಂಥ ಚೀಸ್ ಅಥವಾ ಅಕ್ರೋಟು ತುಂಬಿ ಬೇಯಿಸಿರುತ್ತಾರೆ. ಹಳ್ಳಿಯಲ್ಲಿ ಹೋಟೆಲ್ ಸಾಲು ಏನೂ ಇಲ್ಲ. ವಾರದಲ್ಲಿ ಕೆಲವು ದಿನ ಬಾಗಿಲು ಹಾಕಿರುವುದೂ ಉಂಟು. ಚಪಾತಿ, ಚಟ್ನಿಪುಡಿ ಕೈಯಲ್ಲಿರಲಿ.

ದಾರಿಯಲ್ಲಿ ಕಂಬಕ್ಕೆ ಐವಿ ಬಳ್ಳಿಯ ಗೊಂಚಲು ಕಟ್ಟಿ ಬಾಣದ ಗುರುತು ಹಾಕಿದ್ದರೆ ಹತ್ತಿರದ ರೈತರ ಮನೆಯಲ್ಲಿ 'ಓಸ್ಮಿತ್ಸಾ' ನಡೆಯುತ್ತಿದೆ ಅಂತ ಅರ್ಥ. ಓಸೆಮ್ ಅಂದರೆ ಎಂಟು. 1784ರಲ್ಲಿ ಆಗ ಈ ಸೀಮೆಯನ್ನು ಆಳುತ್ತಿದ್ದ ಚಕ್ರವರ್ತಿ ಎರಡನೇ ಜೋಸೆಫ್ ರೈತರಿಗೆ ತಾವು ಮಾಡಿದ ವೈನ್ ಅನ್ನು ಮನೆಯಲ್ಲೇ ಮಾರಲು ಅನುಮತಿ ಕೊಟ್ಟ. ಹಿಂದೆ ಎಂಟು ದಿನ ಮಾರುತ್ತಿದ್ದರು, ಅದಕ್ಕೆ ಈ ಹೆಸರು. ಕ್ರಾಸ್‌ನ ಕೆಂಪು ಮಣ್ಣಿನಲ್ಲಿ ಬೆಳೆದ ದ್ರಾಕ್ಷಿಯ ತೆರಾನ್ ವೈನ್ ಅಲ್ಲಿ ಸಿಗುತ್ತದೆ. ಕುಡಿಯದವರಿಗೂ ಚೀಸ್, ಬ್ರೆಡ್, ಬೇಯಿಸಿದ ಮೊಟ್ಟೆ ಇರುತ್ತದೆ. ಅಂಗಳದಲ್ಲಿ ಬೆಂಚು ಹಾಕಿ ಊರಿನವರ ಜೊತೆಯೇ ಕೂರಿಸುತ್ತಾರೆ. ಒಳಗೆ ಹೋಗುವಾಗ "ದೋಬೆರ್ ದಾನ್" ಅನ್ನಿ, ನಮಸ್ಕಾರ ಅಂತ. ಆ ಒಂದು ಮಾತಿಗೆ ಅವರ ಮುಖ ಅರಳುವುದನ್ನು ನಾನು ಪ್ರತಿ ಸಲ ನೋಡಿದ್ದೇನೆ.

ಹೋಗುವುದು ಹೇಗೆ? ಕಾರು ಇಲ್ಲದಿರುವುದೇ ಒಳ್ಳೆಯದಾಯಿತು ಅಂತೀನಿ. ಬ್ಲೆಡ್‌ನಲ್ಲಿ ಎರಡು ಸ್ಟೇಷನ್ ಹೆಸರು ಕೇಳುತ್ತೀರಿ. ನಿಮಗೆ ಬೇಕಾದದ್ದು ಬ್ಲೆಡ್ ಯೆಜೆರೊ. ಅಲ್ಲಿಂದ ನೋವಾ ಗೋರಿತ್ಸಾಗೆ ರೈಲು ಹತ್ತಿ, ಅಲ್ಲಿ ಇಳಿದು ಸೆಜಾನಾ ಕಡೆಗೆ ಹೋಗುವ ರೈಲು ಹಿಡಿದರೆ ಶ್ಟಾನ್ಯೆಲ್. ಇದು 1906ರಲ್ಲಿ ಶುರುವಾದ ಹಳೆಯ ಮಾರ್ಗ. ಆರು ಕಿಲೋಮೀಟರ್‌ಗಿಂತ ಉದ್ದದ ಬೋಹಿನ್ ಸುರಂಗ ದಾಟಿದ ಮೇಲೆ ಸೋಚಾ ನದಿಯ ಕಣಿವೆ ಸಿಗುತ್ತದೆ. ನೀರಿನ ಬಣ್ಣ ಪಚ್ಚೆ ಕಲ್ಲಿನ ಹಾಗೆ. ನೋವಾ ಗೋರಿತ್ಸಾ ಬರುವ ಸ್ವಲ್ಪ ಮೊದಲು ಸೋಲ್ಕಾನ್ ಸೇತುವೆ ಬರುತ್ತದೆ, ನೋಡುತ್ತಿರಿ. ಅದರ ನಡುವಿನ ಕಲ್ಲಿನ ಕಮಾನು 85 ಮೀಟರ್ ಅಗಲ. ರೈಲು ಓಡಾಡುವ ಕಲ್ಲು ಕಮಾನುಗಳಲ್ಲಿ ಜಗತ್ತಿನಲ್ಲೇ ದೊಡ್ಡದು. ನೋವಾ ಗೋರಿತ್ಸಾ ಸ್ಟೇಷನ್‌ನಿಂದ ಹೊರಗೆ ಬಂದರೆ ಎದುರಿನ ಚೌಕದ ನಡುವೆಯೇ ಇಟಲಿಯ ಗಡಿ. 2004ರವರೆಗೂ ಅಲ್ಲಿ ಬೇಲಿ ಇತ್ತು. ಈಗ ಒಂದು ಹೆಜ್ಜೆ ಆ ದೇಶದಲ್ಲಿ, ಒಂದು ಹೆಜ್ಜೆ ಈ ದೇಶದಲ್ಲಿ ಇಟ್ಟು ನಿಲ್ಲಬಹುದು. ರೈಲು ಬದಲಿಸುವ ಹೊತ್ತಿನಲ್ಲಿ ಅಪ್ಪ ಅಮ್ಮನಿಗೆ ತೋರಿಸಿ.

ಸ್ಟೇಷನ್ ಊರಿನ ಕೆಳಗಿದೆ. ಮೇಲೆ ನಡೆದೇ ಹತ್ತಬೇಕು. ದಾರಿ ಚೆನ್ನಾಗಿದೆ, ಆದರೆ ಏರು ಇದೆ. ಹಳ್ಳಿಯೊಳಗೂ ಕಲ್ಲುಹಾಸು, ಮೆಟ್ಟಿಲು ಜಾಸ್ತಿ. ಅಮ್ಮ ಎರಡು ಕಡೆ ಕೂತು ಹತ್ತಿದರು. ಮಂಡಿ ನೋವಿದ್ದರೆ ಸಮಯ ಇಟ್ಟುಕೊಂಡು ಹೋಗಿ, ಹಿಡಿತ ಇರುವ ಶೂ ಹಾಕಿಸಿ. ಜೂನ್‌ನಲ್ಲಿ ಮಧ್ಯಾಹ್ನ ಕಲ್ಲು ಕಾದಿರುತ್ತದೆ, ಟೋಪಿ ಬೇಕು. 'ಬೂರ್ಯಾ' ಅನ್ನುವ ಅಲ್ಲಿಯ ಚಳಿಗಾಳಿ ಜೋರಾಗಿ ಬೀಸುವುದು ಚಳಿಗಾಲದಲ್ಲಿ. ನಾವು ಒಮ್ಮೆ ಫೆಬ್ರವರಿಯಲ್ಲಿ ಹೋದಾಗ ಗೋಡೆ ಹಿಡಿದುಕೊಂಡು ನಡೆಯಬೇಕಾಯಿತು. ಗಾಳಿ ಬರುವ ಕಡೆ ಮನೆಗಳಿಗೆ ಕಿಟಕಿಯೇ ಕಡಿಮೆ ಯಾಕೆ ಅಂತ ಆ ದಿನ ಅರ್ಥವಾಯಿತು.

ಒಂದು ಎಚ್ಚರಿಕೆ. ಈ ಮಾರ್ಗದಲ್ಲಿ ದಿನಕ್ಕೆ ಕೆಲವೇ ರೈಲು. ಶನಿವಾರ, ಭಾನುವಾರದ ವೇಳೆ ಬೇರೆ. ಅಮ್ಮ ಜೊತೆಗಿದ್ದ ದಿನವೇ ನಮಗೆ ವಾಪಸ್ ರೈಲು ತಪ್ಪಿತು. ಶ್ತಿರ್ನಾ ಹುಡುಕುತ್ತಾ ಹೊತ್ತು ಹೋದದ್ದೇ ತಿಳಿಯಲಿಲ್ಲ. ಮುಂದಿನ ರೈಲಿಗೆ ಎರಡು ಗಂಟೆಗೂ ಜಾಸ್ತಿ ಕಾಯಬೇಕಿತ್ತು. ಕೈಯಲ್ಲಿದ್ದ ನೀರೂ ಮುಗಿದಿತ್ತು. ಸ್ಟೇಷನ್ ದಾರಿಯ ಒಂದು ಮನೆಯ ಅಜ್ಜಿ ತೋಟಕ್ಕೆ ನೀರು ಹಾಕುತ್ತಿದ್ದರು. ಅಮ್ಮ ಖಾಲಿ ಬಾಟಲಿ ತೋರಿಸಿದರು, ಅವರು ಒಳಗಿನಿಂದ ತುಂಬಿಸಿ ತಂದುಕೊಟ್ಟರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಅಮ್ಮ ಕೈಯಲ್ಲಿ ಹಗ್ಗ ಸೇದುವ ಹಾಗೆ ಮಾಡಿ ಅಂಗಳದ ಕಟ್ಟೆಯನ್ನು ತೋರಿಸಿದರು. ಆ ಅಜ್ಜಿ ನಕ್ಕು, ಎರಡೂ ಅಂಗೈ ಬಿಡಿಸಿ ತೋರಿಸಿದರು. ತಾವೂ ಸೇದಿದವರೇ ಅಂತ. ಈಗ ಊರಿಗೆಲ್ಲ ನಲ್ಲಿ ನೀರು ಬಂದಿದೆ.

ಹಾಗಾಗಿ ಇಳಿದ ತಕ್ಷಣ ವಾಪಸ್ ರೈಲಿನ ವೇಳೆಯ ಫೋಟೋ ತೆಗೆದುಕೊಳ್ಳಿ. ಬೆಳಿಗ್ಗೆ ಬೇಗ ಬ್ಲೆಡ್ ಬಿಟ್ಟರೆ ಒಂದೇ ದಿನದಲ್ಲಿ ಹೋಗಿ ಬರಬಹುದು, ಆದರೆ ಅಪ್ಪ ಅಮ್ಮನಿಗೆ ಆಯಾಸವಾಗುತ್ತದೆ. ಅದಕ್ಕೇ ಒಂದು ರಾತ್ರಿ ಆ ಕಡೆಯೇ ಉಳಿದು, ಮರುದಿನ ಶ್ಕೋತ್ಸಿಯನ್ ಗುಹೆಗಳನ್ನೂ ನೋಡಿಕೊಂಡು ಲ್ಯುಬ್ಲಿಯಾನಾಗೆ ಹೋಗಿ. ಗುಹೆಯಲ್ಲೂ ಮೆಟ್ಟಿಲು ನೂರಾರು ಇವೆ, ಅದನ್ನು ಮೊದಲೇ ಅವರಿಗೆ ಹೇಳಿಬಿಡಿ. ನೀವು ಹೋಗುವ ತಾರೀಖು ಇಲ್ಲಿ ಬರೆದರೆ ಯಾವ ರೈಲಿಗೆ ಯಾವುದು ಹೊಂದುತ್ತದೆ ಅಂತ ನಾನೇ ನೋಡಿ ತಿಳಿಸುತ್ತೇನೆ.